ಹೆಸರು ಮಾರಾಟವಾದ ಅಂಬಾಸಿಡರ್

ಕೃಷ್ಣಾತೀರದ ಕಬ್ಬಿನ ಸೀಮೆಯಲ್ಲಿ, ಆಂಬ್ಯುಲೆನ್ಸುಗಳು ಊರೂರಿಗೆ ಇನ್ನೂ ಬಾರದಿದ್ದ ಕಾಲದಲ್ಲಿ, ಹಾರೂಗೇರಿಯಿಂದ ಹೊರಟು ಕುಡಚಿ, ಉಗಾರ, ಕಾಗವಾಡಗಳನ್ನು ದಾಟಿ ಮಿರಜದ ಆಸ್ಪತ್ರೆಗಳತ್ತ ಧಾವಿಸುತ್ತಿದ್ದ ಬಾಡಿಗೆಯ ಕಾರುಗಳಲ್ಲಿ ಅಂಬಾಸಿಡರಿಗೆ ಒಂದು ವಿಶಿಷ್ಟವಾದ ಗೌರವವಿದ್ದಿತು. ಗೇರಿನ ದಂಡವು ಸ್ಟೇರಿಂಗಿನ ಬದಿಗೇ ಇದ್ದು ಮುಂದಿನ ಸೀಟು ಅಖಂಡವಾಗಿದ್ದುದರಿಂದ ಡ್ರೈವರನ ಮಗ್ಗುಲಲ್ಲಿ ಇಬ್ಬರು ಹಿರಿಯರು ಕುಳಿತು, ಹಿಂದಿನ ವಿಶಾಲವಾದ ಸೀಟಿನ ಮೇಲೆ ಬೇನೆ ತಿನ್ನುವ ಹೆಣ್ಣುಮಗಳು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿ ಪ್ರಯಾಣ ಮಾಡಬಹುದಾಗಿತ್ತು. ಅದೇ ಕಾರು ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆಗೂ, ಲಗ್ನಸರಾಯಿಯಲ್ಲಿ ಮದುಮಕ್ಕಳ ಮೆರವಣಿಗೆಗೂ ಹೂಮಾಲೆ ಧರಿಸಿ ಹೊರಡುತ್ತಿತ್ತು.

ಹಾದಿಯಲ್ಲಿ ಕೆಟ್ಟು ನಿಂತರೂ ಯಾರೂ ಎದೆಗುಂದುತ್ತಿರಲಿಲ್ಲ. ಬಾನೆಟ್ಟನ್ನೆತ್ತಿದರೆ ಎಂಜಿನ್ನಿನ ಎರಡೂ ಬದಿಗೆ ಕೈಯಾಡಿಸುವಷ್ಟು ಅವಕಾಶವಿದ್ದು, ಸಮೀಪದ ಮಿಸ್ತ್ರಿಯು ಕಾರ್ಬ್ಯುರೇಟರಿನ ಜೆಟ್ಟನ್ನು ಬಿಚ್ಚಿ ಊದಿ, ಪ್ಲಗ್ಗಿನ ಮಸಿಯನ್ನು ಎಮರಿ ಕಾಗದದಿಂದ ತಿಕ್ಕಿ, ಚಹ ಆರುವುದರೊಳಗಾಗಿ ಅದನ್ನು ಮತ್ತೆ ಚಾಲೂ ಮಾಡಿಬಿಡುತ್ತಿದ್ದನು.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು 1950ರ ದಶಕದ ಉತ್ತರಾರ್ಧದಲ್ಲಿ ಆರಂಭಿಸಿದ ಈ ವಾಹನದ ನಿರ್ಮಾಣವು, 1983ರಲ್ಲಿ ಮಾರುತಿ ಬಂದ ಬಳಿಕ ಕ್ರಮೇಣ ಕ್ಷೀಣಿಸಿ, 2014ರ ಮೇ ತಿಂಗಳಲ್ಲಿ ನಿಂತೇಹೋಯಿತು. 2017ರಲ್ಲಿ ಆ ಹೆಸರೊಂದನ್ನೇ ಫ್ರಾನ್ಸಿನ ಪ್ಯೂಜೊ ಸಂಸ್ಥೆಯವರು 80 ಕೋಟಿ ರೂಪಾಯಿಗೆ ಕೊಂಡರು.

ಉಳಿದಿರುವ ಹಳೆಯ ಕಾರುಗಳ ಸ್ಥಿತಿಯೂ ಚಿಂತಾಜನಕವಾದುದೇ. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ನವೀಕರಿಸುವ ಶುಲ್ಕವು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತು. 50 ವರ್ಷ ಮೀರಿದ ಕಾರುಗಳನ್ನು ಪುರಾತನವೆಂದು ಗೌರವಿಸಿ ರಕ್ಷಿಸಲು 2021ರಲ್ಲಿ ನಿಯಮವಾಗಿದೆಯಾದರೂ, ಹಾಗೆ ನೋಂದಾಯಿತವಾದವು ನಿತ್ಯಸಂಚಾರಕ್ಕೆ ಸಲ್ಲವು. 1980ರ ದಶಕದ ಅಂಬಾಸಿಡರು ವಾರ್ಧಕ್ಯದ ಭಾರವನ್ನು ಹೊರುತ್ತಿದೆ, ಪುರಾತನತ್ವದ ಮರ್ಯಾದೆಯನ್ನು ಇನ್ನೂ ಪಡೆದಿಲ್ಲ. ಇಂತಹ ಕಾರನ್ನು ಗುಜರಿಗೆ ಹಾಕದೆ ಅಂಗಳದಲ್ಲಿ ತಾಡಪತ್ರಿ ಹೊದಿಸಿ ಕಾಪಾಡಿಕೊಂಡು ಬಂದಿರುವ ರೈತಕುಟುಂಬಗಳಿಗೆ ನನ್ನ ನಮಸ್ಕಾರಗಳು.

ಹೆಸರನ್ನು ಕೊಂಡವರು ಮುಂದೊಂದು ದಿನ ಹೊಸ ಅಂಬಾಸಿಡರನ್ನು ತಂದರೆ ಅದು ವಿದ್ಯುತ್ತಿನದೇ ಆಗಿರಲಿ, ನನ್ನ ಆಕ್ಷೇಪವಿಲ್ಲ. ಆದರೆ ಹಾರೂಗೇರಿಯ ಮಿಸ್ತ್ರಿಯ ಕೈಗೆ ಬಿಚ್ಚಲೂ ಕೂಡಿಸಲೂ ಬಾರದ ಕಾರಿಗೆ ಆ ಹೆಸರನ್ನಿಡುವುದು ಬೇಡವೆಂದೇ ನಾನು ಕೇಳಿಕೊಳ್ಳುತ್ತೇನೆ.