ಗಾಳ ಹಾಕುವ ಮುಂಚೆ ನೀರು ನೋಡಿ



ಇವತ್ತು ನಾನು ಮೀನಿನ ಬಗ್ಗೆ ಮಾತಾಡ್ತೀನಿ. ನಗಬೇಡಿ. ಮೀನಿನ ಸಾರು ಮಾಡೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಹೇಳೋದು ಮೀನು ಒಲೆ ಮೇಲೆ ಬರುವ ಮುಂಚಿನ ಮಾತು.

ಏಪ್ರಿಲ್, ಮೇ ತಿಂಗಳು ಶಾಲೆಗೆ ರಜೆ. ಬನಶಂಕರಿ, ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಯ ಎಷ್ಟೋ ಜನ ಕನಕಪುರ ರಸ್ತೆ ಹಿಡಿದು ಹೊರಡ್ತಾರೆ. ಕೆಲವರು ತವರಿಗೆ. ಕೆಲವರು ಟೆಂಪೋ ಮಾಡಿಕೊಂಡು ಮುತ್ತತ್ತಿಗೆ, ಸಂಗಮಕ್ಕೆ. ನೀರಿನ ದಡದಲ್ಲಿ ಮೂರು ಕಲ್ಲು ಹೂಡಿ, ಅಡುಗೆ ಮಾಡಿ ಉಣ್ಣೋದು ಹಳೇ ರೂಢಿ. ಮಕ್ಕಳು ಗಾಳ ಹಿಡಿದು ಕೂರುತ್ತವೆ. “ಅಮ್ಮಾ, ರಾತ್ರಿ ಊಟಕ್ಕೆ ಮೀನು ನಾನೇ ತರ್ತೀನಿ” ಅಂತವೆ.

ಗಾಳ ದೊಡ್ಡ ವಿದ್ಯೆಯಲ್ಲ. ಒಂದು ಬಿದಿರು ಕೋಲು, ನೈಲಾನ್ ದಾರ, ಒಂದು ಕೊಕ್ಕೆ, ತೇಲೋಕೆ ಒಂದು ಬೆಂಡು. ಕೊಕ್ಕೆಗೆ ಎರೆಹುಳು ಚುಚ್ಚಬೇಕು, ಇಲ್ಲವೇ ಗಟ್ಟಿ ರಾಗಿ ಹಿಟ್ಟಿನ ಉಂಡೆ ಇಡಬೇಕು. ಬೆಂಡು ಮುಳುಗಿದರೆ ಮೀನು ಸಿಕ್ಕಿತು ಅಂತ ಅರ್ಥ. ಬೇಕಾದದ್ದು ತಾಳ್ಮೆ. ಆದರೆ ಗಾಳ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು.

ಮೊದಲನೇ ಪ್ರಶ್ನೆ. ಈ ನೀರು ಎಂಥದ್ದು?

ನಮ್ಮ ನಗರದ ಎಷ್ಟೋ ಕೆರೆಗಳಿಗೆ ಚರಂಡಿ ನೀರು ಸೇರುತ್ತದೆ. ಚರಂಡಿಯ ಕೊಳೆ ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಖರ್ಚಾಗುತ್ತದೆ. ಮೀನಿಗೂ ಉಸಿರಾಡೋಕೆ ಆಮ್ಲಜನಕ ಬೇಕು. ಬೇಸಿಗೆಯಲ್ಲಿ ನೀರು ಕಾಯುತ್ತದೆ. ಕಾದ ನೀರಿನಲ್ಲಿ ಆಮ್ಲಜನಕ ಇನ್ನೂ ಕಡಿಮೆ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ದರೆ, ಆ ನೀರಿಗೆ ಉಸಿರು ಕಟ್ಟಿದೆ ಅಂತ ತಿಳಿಯಿರಿ. ನೊರೆ ಬಂದ ನೀರು, ನಾತ ಹೊಡೆಯುವ ನೀರು, ಸತ್ತ ಮೀನು ತೇಲುವ ನೀರು, ಇಂಥಲ್ಲಿ ಹಿಡಿದ ಮೀನು ಬೇಡವೇ ಬೇಡ.

“ಚೆನ್ನಾಗಿ ಬೇಯಿಸಿದರೆ ಆಯ್ತಲ್ಲ ಮೇಡಂ?” ಅಂತ ನೀವು ಕೇಳಬಹುದು. ಬೇಯಿಸಿದರೆ ರೋಗದ ಕ್ರಿಮಿ ಸಾಯುತ್ತದೆ, ನಿಜ. ಆದರೆ ಕಾರ್ಖಾನೆ ನೀರಿನಲ್ಲಿ ಬರುವ ಸೀಸ, ಪಾದರಸ ಬೇಯಿಸಿದರೂ ಹೋಗೋದಿಲ್ಲ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಅದರಿಂದ ಹೆಚ್ಚು ಕೆಡುಕು.

ಎರಡನೇ ಪ್ರಶ್ನೆ. ಇಲ್ಲಿ ಮೀನು ಹಿಡಿಯಬಹುದೇ?

ಮುತ್ತತ್ತಿ, ಸಂಗಮದ ಕಾಡು ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದೆ. 1987ರಲ್ಲಿ ಆದ ಧಾಮ ಅದು. ಅಲ್ಲಿನ ಹೊಳೆಯಲ್ಲಿ ಮಹಶೀರ್ ಅನ್ನೋ ಮೀನು ಇದೆ. ಆಳೆತ್ತರಕ್ಕೆ ಬೆಳೆಯಬಲ್ಲ ಮೀನು. 1946ರಲ್ಲಿ ಕಬಿನಿ ಹೊಳೆಯಲ್ಲಿ ಸುಮಾರು 54 ಕಿಲೋ ತೂಕದ ಮಹಶೀರ್ ಸಿಕ್ಕಿತ್ತು. ಹಿಂದೆ ಭೀಮೇಶ್ವರಿಗೆ ದೇಶ ವಿದೇಶದಿಂದ ಜನ ಬಂದು, ರಾಗಿ ಉಂಡೆ ಇಟ್ಟು ಗಾಳ ಹಾಕ್ತಿದ್ದರು. ಹಿಡಿದು, ತೂಗಿ, ಮತ್ತೆ ಹೊಳೆಗೇ ಬಿಡ್ತಿದ್ದರು. ಈಗ ಆ ಆಟವೂ ನಿಂತಿದೆ. ಕಾವೇರಿ ಸೀಮೆ ಬಿಟ್ಟು ಬೇರೆಲ್ಲೂ ಇಲ್ಲದ ಈ ಗೂನು ಬೆನ್ನಿನ ಮಹಶೀರ್ ಅಳಿವಿನ ಅಂಚಿಗೆ ಬಂದಿದೆ. ಹಾಗಾಗಿ ಧಾಮದೊಳಗೆ ಅಪ್ಪಣೆ ಇಲ್ಲದೆ ಗಾಳ ಹಾಕಬಾರದು.

ತವರೂರಿನ ಕೆರೆಯಾದರೆ? ಅದನ್ನೂ ಕೇಳಿಯೇ ಹಿಡಿಯಬೇಕು. ಎಷ್ಟೋ ಕೆರೆಗಳಲ್ಲಿ ಮೀನು ಗುತ್ತಿಗೆ ಇರುತ್ತದೆ. ಗುತ್ತಿಗೆ ಹಿಡಿದವರು ದುಡ್ಡು ಕೊಟ್ಟು ಮರಿ ಬಿಟ್ಟಿರ್ತಾರೆ. ಕೇಳಿ ಹಿಡಿದರೆ ಜಗಳವಿಲ್ಲ.

ಮೂರನೇ ಪ್ರಶ್ನೆ. ದಡ ಎಷ್ಟು ಗಟ್ಟಿ?

ಇದು ಪ್ರಾಣದ ಪ್ರಶ್ನೆ. ಸಂಗಮ, ಮೇಕೆದಾಟು, ಮುತ್ತತ್ತಿಯಲ್ಲಿ ಎಷ್ಟೋ ಮನೆಯ ಮಕ್ಕಳು ನೀರು ಪಾಲಾಗಿದ್ದಾರೆ. ಮೇಲೆ ನೀರು ಶಾಂತವಾಗಿ ಕಾಣುತ್ತದೆ. ಕೆಳಗೆ ಬಂಡೆಯ ಗುಂಡಿ, ಸುಳಿ. ಪಾಚಿ ಕಟ್ಟಿದ ಬಂಡೆ ಮೇಲೆ ಕಾಲು ಜಾರುತ್ತದೆ. ಗಾಳ ಸಿಕ್ಕಿಹಾಕಿಕೊಂಡರೆ ದಾರ ಕತ್ತರಿಸಿಬಿಡಿ. ಹತ್ತು ರೂಪಾಯಿ ಕೊಕ್ಕೆಗೋಸ್ಕರ ಮಗು ನೀರಿಗೆ ಇಳಿಯಬಾರದು. ಮಕ್ಕಳ ಜೊತೆ ದೊಡ್ಡವರೊಬ್ಬರು ಕೂತಿರಲೇಬೇಕು. ಕುಡಿದವರನ್ನು ನೀರಿನ ಹತ್ತಿರ ಬಿಡಬೇಡಿ.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬೇಡಿ. ಒಬ್ಬರ ಜೊತೆ ಇನ್ನೊಬ್ಬರೂ ಹೋಗೋದು ಹೀಗೇ. ದಡದಲ್ಲೇ ಮಲಗಿ ಸೀರೆಯನ್ನೋ, ಗಾಳದ ಕೋಲನ್ನೋ ಚಾಚಿ. ಖಾಲಿ ಕ್ಯಾನು ಇದ್ದರೆ ಬಿಗಿಯಾಗಿ ಮುಚ್ಚಿ ಎಸೆಯಿರಿ, ಅದು ತೇಲುತ್ತದೆ. ಕೂಗಿ ಜನ ಸೇರಿಸಿ. 112ಕ್ಕೆ ಫೋನ್ ಮಾಡಿ.

ಮೂರಕ್ಕೂ ಒಳ್ಳೇ ಉತ್ತರ ಸಿಕ್ಕಿತು, ಮೀನೂ ಸಿಕ್ಕಿತು ಅನ್ನಿ. ಬೇಸಿಗೆಯಲ್ಲಿ ಮೀನು ಬೇಗ ಕೆಡುತ್ತದೆ. ಹಿಡಿದ ಕೂಡಲೇ ಹೊಟ್ಟೆ ಸೀಳಿ ಕರುಳು, ಕಿವಿರು ತೆಗೆಯಿರಿ. ಹುರುಪೆ ಕೆರೆದು, ಒಳ್ಳೇ ನೀರಿನಲ್ಲಿ ತೊಳೆದು, ಉಪ್ಪು ಅರಿಶಿನ ಸವರಿ ನೆರಳಲ್ಲಿಡಿ. ಕೊಳ್ಳುವ ಮೀನಾದರೆ ಕಣ್ಣು ಹೊಳೀಬೇಕು, ಕಿವಿರು ಕೆಂಪಗಿರಬೇಕು, ಒತ್ತಿದ ಕಡೆ ಗುಳಿ ನಿಲ್ಲಬಾರದು. ಅವತ್ತೇ ಬೇಯಿಸಿ, ಅವತ್ತೇ ಉಣ್ಣಿ. ಬಿಸಿ ಮುದ್ದೆ, ಹುಣಸೆ ಹುಳಿ ಹಾಕಿದ ಮೀನಿನ ಸಾರು, ಮೇಲೆ ತಣ್ಣನೆ ಗಾಳಿ. ಇನ್ನೇನು ಬೇಕು? ಕರುಳನ್ನು ನೀರಿಗೆ ಎಸೆಯದೆ ಮಣ್ಣಲ್ಲಿ ಹೂತುಬಿಡಿ. ಒಲೆಯ ಕೆಂಡ ನೀರು ಹಾಕಿ ಆರಿಸಿ.

ಕೊನೆಗೆ ಇನ್ನೊಂದು ಮಾತು. ನಮ್ಮ ನಲ್ಲಿಗೆ ಬರುವ ಕಾವೇರಿ ನೀರು ನೂರು ಕಿಲೋಮೀಟರು ದೂರದಿಂದ ಬರುತ್ತದೆ. 1974ರಲ್ಲಿ ಅದು ಮೊದಲು ಬೆಂಗಳೂರಿಗೆ ಬಂತು. ನಾವು ಬಳಸಿ ಚೆಲ್ಲಿದ ನೀರು ಎಲ್ಲಿಗೆ ಹೋಗುತ್ತದೆ? ಬನಶಂಕರಿ, ಬಸವನಗುಡಿ ಕಡೆಯ ಚರಂಡಿ ವೃಷಭಾವತಿಗೆ ಸೇರುತ್ತದೆ. ವೃಷಭಾವತಿ ಕೆಂಗೇರಿ ದಾಟಿ, ಬೈರಮಂಗಲ ದಾಟಿ ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಕಾವೇರಿ ಸೇರುವ ಜಾಗವೇ ಸಂಗಮ. ನಾವು ರಜೆಯಲ್ಲಿ ಒಲೆ ಹೂಡೋಕೆ ಹೋಗ್ತೀವಲ್ಲ, ಅದೇ ಸಂಗಮ! ನಾವು ಚರಂಡಿಗೆ ಬಿಟ್ಟದ್ದೇ ನಮಗಿಂತ ಮುಂಚೆ ಅಲ್ಲಿಗೆ ಹೋಗಿರುತ್ತದೆ. ಎಣ್ಣೆ, ಪ್ಲಾಸ್ಟಿಕ್ಕು, ಕಸ ಚರಂಡಿಗೆ ಹಾಕದೇ ಇರೋದು ನಮ್ಮ ಕೈಲಿದೆ. ಕಾರ್ಖಾನೆ ಕೊಳೆ ತಡೀರಿ ಅಂತ ಸರ್ಕಾರಕ್ಕೆ ಅರ್ಜಿ ಬರೆಯೋದೂ ನಮ್ಮ ಕೈಲಿದೆ. ಈಗ ನಮಗೆ ಬರೆಯೋಕೆ ಬರುತ್ತದಲ್ಲ!

ಹೊಳೆ ದಡದಲ್ಲಿ “ಅಪಾಯ, ನೀರಿಗೆ ಇಳಿಯಬೇಡಿ” ಅಂತ ಬೋರ್ಡು ಇರುತ್ತದೆ. ಮೊದಲು ಅದು ಬರೀ ಗೆರೆ, ಬಣ್ಣ. ಈಗ ಅದು ಮಾತು. ನೀವೇ ಮೊದಲು ಓದಿ. ಟೆಂಪೋದಲ್ಲಿ ಬಂದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿ. ಹೋದಷ್ಟೇ ಜನ ಮನೆಗೆ ವಾಪಸ್ಸು ಬನ್ನಿ.