ಎಲುಬಿಗೆ ಜಾತಿಯಿಲ್ಲ
(ಕಬ್ಬೂರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಿಮ್ಮ ಓಣಿಯ ಮುದುಕಿಯರನ್ನ ಒಮ್ಮೆ ನೆನಪು ಮಾಡಿಕೊಳ್ರಿ. ಬೆನ್ನು ಬಾಗೇತಿ. ಬಚ್ಚಲದಾಗ ಜಾರಿ ಬಿದ್ದರ ತೊಡೆಯೆಲುಬು ಮುರೀತು, ಆಮೇಲೆ ಹಾಸಿಗೆಯೇ ಗತಿ. ಕೇಳಿದರ 'ವಯಸ್ಸಾತು, ಬಿಡಪಾ' ಅಂತಾರ. ವಯಸ್ಸು ಎಲ್ಲರಿಗೂ ಆಗ್ತದ. ಆದರೆ ಎಲ್ಲರ ಎಲುಬೂ ಒಂದೇ ರೀತಿ ಸವೆಯುವುದಿಲ್ಲ. ಯಾಕೆ?

ಎಲುಬು ಕಲ್ಲಲ್ಲ, ಅದಕ್ಕೂ ಜೀವ ಇದೆ. ಹಳೆಯದು ಕರಗುತ್ತಾ, ಹೊಸದು ಕಟ್ಟುತ್ತಾ ಇರುತ್ತದೆ. ಹುಡುಗಿ ದೊಡ್ಡವಳಾಗುವ ಆಸುಪಾಸಿನ ಎರಡೇ ವರ್ಷಗಳಲ್ಲಿ ಜೀವಮಾನದ ಎಲುಬಿನ ಕಾಲುಭಾಗ ಸೇರುತ್ತದೆ. ಮೂವತ್ತರ ಹೊತ್ತಿಗೆ ಗಳಿಕೆ ಮುಗಿಯಿತು. ಮುಟ್ಟು ನಿಂತ ಮೇಲೆ ಐದಾರು ವರ್ಷ ಬಲು ಬೇಗ ಕರಗುತ್ತದೆ. ಇದು ಜೋಳದ ಹಗೇವು ಇದ್ದಂಗ. ಸುಗ್ಗಿಯೊಳಗ ತುಂಬಿದ್ದಷ್ಟೇ ಮುಂದೆ ಉಣ್ಣಬೇಕು.

'ನಮ್ಮ ದೇಶದ ಹೆಂಗಸರ ಎಲುಬೇ ಹಂಗ, ವಂಶದ ಗುಣ' ಎನ್ನುವವರಿದ್ದಾರೆ. ಅಮೆರಿಕದಲ್ಲಿ ಕರಿಯ ಹೆಂಗಸರ ಎಲುಬು ಬಿಳಿಯರದಕ್ಕಿಂತ ಗಟ್ಟಿ ಎಂದು ಅಳತೆಗಳು ತೋರಿಸಿವೆ. ವಂಶದ ಪಾಲು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅಳೆಯುವ ಎಕ್ಸ್‌ರೇ ಯಂತ್ರ ಎಲುಬಿನ ಅಗಲ ಹಿಡಿಯುತ್ತದೆ, ದಪ್ಪ ಹಿಡಿಯುವುದಿಲ್ಲ. ಹಾಗಾಗಿ ಸಣ್ಣ ಮೈಕಟ್ಟಿನವರ ಎಲುಬು ಇದ್ದದ್ದಕ್ಕಿಂತ ದುರ್ಬಲ ಕಾಣುತ್ತದೆ. ಹೋಲಿಸುವ ಅಳತೆಗೋಲೂ ಸಾಮಾನ್ಯವಾಗಿ ಅಮೆರಿಕದ ಬಿಳಿಯ ತರುಣಿಯರದು.

ಮೈ ಅಳೆದು ಕುಲ ಹೇಳುವ ಆಟ ನಮಗೆ ಹೊಸದಲ್ಲ. 1925ರಲ್ಲಿ ನಿಪ್ಪಾಣಿಗೆ ಬಂದಿದ್ದ ಬಾಬಾಸಾಹೇಬರು, 1948ರ 'ದಿ ಅನ್‌ಟಚಬಲ್ಸ್' ಗ್ರಂಥದಲ್ಲಿ ಮೂಗಿನ ಅಳತೆಗಳನ್ನೇ ಹಿಡಿದು, ಬ್ರಾಹ್ಮಣರು ಅಸ್ಪೃಶ್ಯರು ಬೇರೆ ಬೇರೆ ಜನಾಂಗವಲ್ಲ ಎಂದು ತೋರಿಸಿಕೊಟ್ಟರು. ನಾವೂ ಕೇಳೋಣ: ಎಲುಬು ಟೊಳ್ಳಾಗಲು ಕುಲ ಕಾರಣವೋ, ಊಟದ ತಾಟು ಕಾರಣವೋ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವೀಣಾ ಶತ್ರುಘ್ನ ಮತ್ತು ಸಂಗಡಿಗರು 30ರಿಂದ 60 ವಯಸ್ಸಿನ 289 ಬಡ ಹೆಂಗಸರನ್ನು ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. ತೊಡೆಯೆಲುಬಿನ ಕತ್ತಿನ ಹತ್ತಿರ ಶೇ. 29 ಮಂದಿಯ ಎಲುಬು ಟೊಳ್ಳಾಗಿತ್ತು. ಅವರ ಊಟದಲ್ಲಿ ದಿನಕ್ಕೆ ಸುಮಾರು 270 ಮಿಲಿಗ್ರಾಂ ಕ್ಯಾಲ್ಸಿಯಂ. ಬೇಕಾದದ್ದು 1000.

'ನಮ್ಮವರು ದಿನವಿಡೀ ದುಡೀತಾರ, ಅದ ವ್ಯಾಯಾಮ ಅಲ್ಲೇನು?' ಅಂತ ಕೇಳಬಹುದು. ಭಾರ ಬಿದ್ದಲ್ಲಿ ಎಲುಬು ಗಟ್ಟಿಯಾಗುವುದು ಖರೆ. ಟೆನಿಸ್ ಆಡುವವರ ಆಡುವ ಕೈಯ ಎಲುಬು ಇನ್ನೊಂದು ಕೈಯದಕ್ಕಿಂತ ದಪ್ಪ. ಆದರೆ ಭಾರ ಅನ್ನೋದು ಬರೇ ಗೌಂಡಿ. ಕಲ್ಲು, ಗಾರೆ ಕೊಡದಿದ್ದರ ಗೌಂಡಿ ಗೋಡೆ ಏಳಿಸ್ತಾನೇನು? ಅರೆಹೊಟ್ಟೆಯಲ್ಲಿ ಕಬ್ಬಿನ ಹೊರೆ ಹೊತ್ತರೆ ಮೈ ಸವೆಯುತ್ತದೆ, ಎಲುಬು ಬೆಳೆಯುವುದಿಲ್ಲ. ಬೀಡಿ ಸುತ್ತುವ ಅಕ್ಕನಿಗೆ ಆ ಭಾರವೂ ಇಲ್ಲ. ಕಾಲು ಮಡಚಿ ಒಳಗ ಕುಂತರ ಬಿಸಿಲೂ ಇಲ್ಲ, ಓಡಾಟವೂ ಇಲ್ಲ.

ಇನ್ನೂ ಘೋರ ಸಂಗತಿ ಕೇಳ್ರಿ. ಗುಳೆ ಹೋಗಿ ಕಬ್ಬು ಕಡಿಯುವವರ ಜಿಲ್ಲೆ ಮಹಾರಾಷ್ಟ್ರದ ಬೀಡ. ಅಲ್ಲಿ 2019ರ ಸರ್ಕಾರಿ ಸಮೀಕ್ಷೆಯಲ್ಲಿ ಕಬ್ಬು ಕಡಿಯುವ 82,309 ಹೆಂಗಸರ ಪೈಕಿ 13,861 ಮಂದಿಯ ಗರ್ಭಕೋಶ ತೆಗೆಸಿದ್ದು ಕಂಡುಬಂತು. ಜೊತೆಗೆ ಅಂಡಾಶಯವನ್ನೂ ತೆಗೆದರೆ, ಮೂವತ್ತೈದರ ಹೆಣ್ಣಿನ ಎಲುಬು ಐವತ್ತರವಳದಂತೆ ಕರಗತೊಡಗುತ್ತದೆ. ನೋಡಿದಿರಾ, ವಯಸ್ಸು ಕೂಡ ಎಲ್ಲರಿಗೂ ಒಂದೇ ಸಮನೆ ಬರುವುದಿಲ್ಲ. ಬಡತನ ಅದನ್ನು ಮೊದಲೇ ಕರೆದು ತರುತ್ತದೆ.

ತಂಗಿಯರೇ, ನಿಮ್ಮ ಹಗೇವು ತುಂಬುವ ಕಾಲ ಇದೇ. ರೊಟ್ಟಿ ಬಿಡಬ್ಯಾಡ್ರಿ. ಆದರ 100 ಗ್ರಾಂ ಜೋಳದಾಗ ಕ್ಯಾಲ್ಸಿಯಂ 30 ಮಿಲಿಗ್ರಾಂ ಸಹ ಇಲ್ಲ, ರಾಗಿಯೊಳಗ 350ರ ಹತ್ತಿರ ಐತಿ. ಎಳ್ಳಿನ ಚಟ್ನಿ, ನುಗ್ಗೆಸೊಪ್ಪು, ಮಜ್ಜಿಗೆ ಊಟದಾಗ ಇರಲಿ. ಹಾಸ್ಟೆಲಿನ ಊಟದ ಪಟ್ಟಿಯಲ್ಲಿ ಇಲ್ಲದಿದ್ದರೆ ಒಗ್ಗಟ್ಟಾಗಿ ಕೇಳ್ರಿ. ಸಂಜೆ ಹಗ್ಗ ಜಿಗೀರಿ, ಖೋ-ಖೋ ಆಡ್ರಿ.

ಗೆಳೆಯರೇ, ಮೈದಾನ ನಿಮ್ಮೊಬ್ಬರದೇ ಅಲ್ಲ, ಅರ್ಧ ಬಿಟ್ಟುಕೊಡ್ರಿ. ಸೂಟಿಗೆ ಊರಿಗೆ ಹೋದಾಗ ಮೊದಲ ತಾಟು ನಿಮ್ಮ ಮುಂದ ಬರ್ತದ. ಅದನ್ನ ಅವ್ವನ ಮುಂದ ಇಡ್ರಿ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡು ಬಾಗಿದ ಬೆನ್ನು ಅದು. ಅದಕ್ಕೆ ವಂಶ ಕಾರಣ ಅಂತ ಇನ್ನೊಮ್ಮೆ ಯಾರಾದರೂ ಅಂದರೆ, ಸುಮ್ಮನೆ ಕೇಳಿಕೊಂಡು ಬರಬ್ಯಾಡ್ರಿ.

ಜೈ ಭೀಮ್.