ನಿದ್ದೆ ಬಾರದವಳಿಗೆ ಮಾತ್ರೆಯೊಂದೇ ಸಾಕೇ?

ಸಂಘದಲ್ಲಿ ಸಾಲದ ಕಂತು ಕೇಳುತ್ತೇವೆ, 'ರಾತ್ರಿ ನಿದ್ದೆ ಬರುತ್ತದಾ?' ಎಂದು ಕೇಳುವುದಿಲ್ಲ. ತಲೆಭಾರ, ಎದೆ ಡವಡವ, ಸುಸ್ತು ಎಂದು ಆಸ್ಪತ್ರೆಗೆ ಹೋದ ಹೆಂಗಸಿಗೆ ಟಾನಿಕ್ಕು ಸಿಗುತ್ತದೆ; ಮನೆಯಲ್ಲಿ ಹೊಡೆತವಿದೆಯೇ ಎಂದು ಕೇಳುವವರು ಕಡಿಮೆ. ಎರಡು ವಾರವಾದರೂ ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದು ಖಿನ್ನತೆ ಇರಬಹುದು. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. ಇದು ದೆವ್ವವಲ್ಲ, ಸೋಮಾರಿತನವೂ ಅಲ್ಲ. ಚಿಕಿತ್ಸೆಯಿದೆ. ಆದರೆ ಹೊಡೆಯುವ ಕೈ ನಮ್ಮ ಮಾತ್ರೆಯಿಂದ ನಿಲ್ಲುವುದಿಲ್ಲ.

'ತವರಿಂದ ಏನು ತಂದೆ' ಎಂದು ದಿನಾ ಹಂಗಿಸುವುದೂ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಪ್ರಕಾರ ಹಿಂಸೆಯೇ. ಬಾಸುಂಡೆ ತೋರಿಸಬೇಕಿಲ್ಲ.

'ಇವಳಿಗೆ ತಲೆ ಕೆಟ್ಟಿದೆ' ಎಂದು ಗಂಡ ಊರಿಗೆಲ್ಲ ಸಾರಿಯಾನೆಂದು ಹೆದರಿ ಎಷ್ಟೋ ಜನ ಚಿಕಿತ್ಸೆಗೇ ಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸ್ಪಷ್ಟವಾಗಿದೆ: ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಯಾರೂ ಬುದ್ಧಿ ಸ್ವಾಧೀನವಿಲ್ಲದವರಾಗುವುದಿಲ್ಲ. ಅದನ್ನು ಹೇಳಬೇಕಾದದ್ದು ಕೋರ್ಟು, ಗಂಡನಲ್ಲ, ಅತ್ತೆಯೂ ಅಲ್ಲ.

ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416, ಹಗಲೂ ರಾತ್ರಿ, ಕನ್ನಡದಲ್ಲೇ, ದುಡ್ಡಿಲ್ಲ. ಹಿಂಸೆಗೆ 181. ಫೋನು ಗಂಡನ ಕೈಯಲ್ಲಿದ್ದರೆ ಸಂಘದ ಗೆಳತಿಯ ಫೋನಿನಿಂದ ಮಾಡಿ. ಎರಡು ವಾರ ಸಭೆಗೆ ಬಾರದವಳ ಮನೆಗೆ ದಂಡ ವಸೂಲಿಗೆ ಹೋಗಬೇಡಿ. ಇಬ್ಬರು ಸುಮ್ಮನೆ ಹೋಗಿ ಅವಳ ಜೊತೆ ಒಂದು ಗಳಿಗೆ ಕೂತು ಬನ್ನಿ.